ಬೇಸ್ ಗಿಟಾರಿನ ಹೊಟ್ಟೆಯೊಳಗಿನ ಸುರುಳಿ

ಗಿಟಾರಿನವಳು ಒಳಗೆ ಬಂದಾಗ ವೈಂಡಿಂಗಕ್ಕ ನೀರೆತ್ತುವ ಮೋಟರೊಂದರ ಹೊಟ್ಟೆ ಬಗೆದು, ಸುಟ್ಟು ಕರಕಲಾದ ತಾಮ್ರದ ತಂತಿಯನ್ನು ಇಕ್ಕಳದಿಂದ ಎಳೆದೆಳೆದು ಹಾಕುತ್ತಿದ್ದಳು. ಮೊಣಕೈವರೆಗೆ ಮಸಿ. ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಫ್ಯಾನು ನಿಂತರೆ, ಮೋಟರು ಹೊಗೆಯಾಡಿದರೆ, ವೆಲ್ಡಿಂಗ್‌ನವರ ಟ್ರಾನ್ಸ್‌ಫಾರ್ಮರು ಕೈಕೊಟ್ಟರೆ, "ವೈಂಡಿಂಗಕ್ಕನ ಹತ್ತಿರ ಹಾಕಿ" ಎನ್ನುವುದು ಎಲ್ಲರ ಬಾಯಲ್ಲೂ ಕೂತುಬಿಟ್ಟಿತ್ತು. ಅಂಗಡಿ ಗಂಡನದು. ಅವನು ಮನೆಮನೆಗೆ ಹೋಗಿ ಫಿಟ್ಟಿಂಗ್ ಕೆಲಸ ಮಾಡುತ್ತಿದ್ದ. ಒಳಗೆ ಕೂತು ತಂತಿ ಸುತ್ತುವುದು ಇವಳ ಪಾಲು. ಮುಂದೆ ನಿಂತು ಗಿರಾಕಿಗಳನ್ನು ಮಾತಲ್ಲೇ ಸುತ್ತುವುದು ಗಂಡನ ತಂಗಿಯ ಪಾಲು. ಇಬ್ಬರಿಗೂ ಅದೇ ಹಿತವಾಗಿತ್ತು. ವೈಂಡಿಂಗಕ್ಕನಿಗೆ ಯಂತ್ರದ ಮುಂದೆ ಕೂತರೆ ತುಟಿ ಬಿಚ್ಚುವ ಅಭ್ಯಾಸವಿಲ್ಲ. ನಾದಿನಿಗೆ ತುಟಿ ಮುಚ್ಚುವ ಅಭ್ಯಾಸವಿಲ್ಲ.

ಬಂದವಳು ನಲವತ್ತರ ಆಸುಪಾಸಿನ, ಉದ್ದನೆಯ ಹೆಂಗಸು. ನಿದ್ದೆ ಮಾಡುವ ಮಗುವನ್ನು ಎತ್ತಿಕೊಂಡು ಬಂದಂತೆ ಎದೆಗವಚಿಕೊಂಡಿದ್ದ ಕಪ್ಪು ಪೆಟ್ಟಿಗೆಯನ್ನು ಕೌಂಟರಿನ ಮೇಲೆ ಮಲಗಿಸಿ ಮುಚ್ಚಳ ತೆಗೆದಳು.

ನಾದಿನಿ ಬಗ್ಗಿ ನೋಡಿದಳು. "ಗಿಟಾರಾ? ಆಳುದ್ದ ಇದೆ, ಇರೋದು ನಾಲ್ಕೇ ತಂತಿ. ಮಿಕ್ಕಿದ್ದು ಕಿತ್ತುಹೋಯ್ತಾ?"

"ಇಲ್ಲ, ಇದಕ್ಕೆ ಇರೋದೇ ನಾಲ್ಕು. ಇದು ಬೇಸ್ ಗಿಟಾರು."

"ಹಾಗಂತ ಹೇಳಿ ಮಾರಿದ್ರಾ ನಿಮಗೆ?"

ಗಿಟಾರಿನವಳಿಗೆ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ತಂತಿಗಳ ಕೆಳಗಿದ್ದ, ಬೆಂಕಿಪೊಟ್ಟಣಕ್ಕಿಂತ ತುಸು ಉದ್ದದ ಬೆಳ್ಳಿಬಣ್ಣದ ಡಬ್ಬಿಯನ್ನು ಬೆರಳಿನಿಂದ ತೋರಿಸಿದಳು. "ಇದರೊಳಗೆ ಅಯಸ್ಕಾಂತ ಇದೆ. ಅದರ ಸುತ್ತ ಕೂದಲಿನಷ್ಟು ಸಣ್ಣ ತಂತಿ ಸಾವಿರಾರು ಸುತ್ತು ಸುತ್ತಿದ್ದಾರೆ. ಮೇಲಿನ ತಂತಿ ಮೀಟಿದರೆ ಆ ನಡುಕ ಇದರೊಳಗೆ ಕರೆಂಟಾಗಿ, ಸ್ಪೀಕರಿಗೆ ಹೋಗಿ ದನಿಯಾಗುತ್ತೆ. ಪಿಕಪ್ ಅಂತಾರೆ. ಹೋದ ವಾರ ನುಡಿಸ್ತಾ ನುಡಿಸ್ತಾ ಸತ್ತುಹೋಯ್ತು. ವಾದ್ಯ ರಿಪೇರಿಯವರೆಲ್ಲ ಕಿತ್ತೆಸೆದು ಹೊಸದು ಹಾಕಿಸಿಕೊಳ್ಳಿ ಅಂದ್ರು. ಹೊಸದು ಹಾಕಿದ್ರೆ ಇದು ಇನ್ಯಾವುದೋ ಗಿಟಾರಾಗುತ್ತೆ. ಇಂಥವು ಈಗ ಹುಡುಕಿದರೂ ಸಿಗಲ್ಲ. ಇದೇ ಮಾದರಿಯ ಇನ್ನೆರಡನ್ನ ಮಾತ್ರ ನಾನು ಕಂಡಿದ್ದೀನಿ, ನುಡಿಸಿಯೂ ನೋಡಿದ್ದೀನಿ. ಅವು ಗುಡುಗುತ್ತವೆ. ಇದೊಂದು ಮಾತ್ರ ಮಾತಾಡುತ್ತೆ."

"ಮಾತಾಡುತ್ತಾ?" ಎಂದಳು ನಾದಿನಿ, ಅಸೂಯೆಯಿಂದ.

"ಹತ್ತಿರ ಬಂದು ಕೂತವರ ಹಾಗೆ. ನಾಳೆ ಮಧ್ಯಾಹ್ನ ನಮ್ಮ ತಂಡದ ರೆಕಾರ್ಡಿಂಗ್. ಇಷ್ಟು ವರ್ಷ ಹಿಂದೆ ನಿಂತು ನುಡಿಸಿದವಳು ನಾನು. ಈ ಸಲ ಹಾಡು ಶುರುವಾಗೋದೇ ಇದರಿಂದ, ಇದೊಂದರಿಂದಲೇ. ಬೇರೆ ಯಾವುದನ್ನು ಹಿಡಿದರೂ ಆ ದನಿ ಬರಲ್ಲ."

ಹೊರಗಿನ ಮಾತು ಕೇಳಿಸಿಕೊಳ್ಳುತ್ತಿದ್ದ ವೈಂಡಿಂಗಕ್ಕ ಕೈ ಒರೆಸಿಕೊಂಡು ಎದ್ದು ಬಂದಳು. ವಾದ್ಯದ ಗಂಧ ಅವಳಿಗಿರಲಿಲ್ಲ. ಆದರೆ ಕೆಲಸ ಎಂಬುದು ಯಾವ ವೇಷದಲ್ಲಿ ಬಂದರೂ ಅವಳು ಗುರುತು ಹಿಡಿಯುತ್ತಿದ್ದಳು. ಗಿಟಾರಿನ ಬೆನ್ನು ಮೇಲೆ ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಇದರ ಕತ್ತನ್ನು ಬೇರೆ ಮಾಡಿ ಮೈಗೆ ಜೋಡಿಸಿರಲಿಲ್ಲ. ತಲೆಯಿಂದ ಬಾಲದವರೆಗೆ ಒಂದೇ ಮರ, ನೇರ ಎಳೆಯದು, ಒಂದು ಗಂಟೂ ಇಲ್ಲದ್ದು. ಮೈ ಎನ್ನುವುದು ಅದರ ಎರಡು ಪಕ್ಕಕ್ಕೆ ಅಂಟಿಸಿದ ರೆಕ್ಕೆ ಅಷ್ಟೆ. ಗೆಣ್ಣಿನಿಂದ ನಡುವೆ ಕುಟ್ಟಿದಳು, ಗಟ್ಟಿ ಸದ್ದು. ರೆಕ್ಕೆಗಳ ಮೇಲೆ ಕುಟ್ಟಿದಳು, ಟೊಳ್ಳು. ಅಂಟಿಸಿದ ಗೆರೆಯ ಮೇಲೆ ಉಗುರು ಎಳೆದರೆ ಎಲ್ಲೂ ತಡೆಯಲಿಲ್ಲ. ಮತ್ತೆ ಮಗುಚಿದರೆ, ತಂತಿಗಳನ್ನು ಎತ್ತಿ ಹಿಡಿದ ಕುದುರೆಯ ಕೆಳಗೆ ಯಾರೋ ಪಟ್ಟಿ ಕತ್ತರಿಸಿಟ್ಟ ಉಣ್ಣೆಬಟ್ಟೆ, ತಂತಿ ತುಂಬ ಹೊತ್ತು ಗುಂಯ್‌ಗುಡದಿರಲೆಂದು.

"ಯಾರೋ ಬಾಗಿಲು ಕಿಟಕಿ ಮಾಡೋರು ಮಾಡಿದ್ದು ಇದು," ಎಂದಳು. "ಗಿಟಾರು ಮಾಡೋರಲ್ಲ."

"ನಿಮಗೆ ಹೇಗೆ ಗೊತ್ತಾಯ್ತು ಅಕ್ಕ?" ಗಿಟಾರಿನವಳ ಕಣ್ಣರಳಿತು. "ಇದು ಗಿಟಾರು ಕಾರ್ಖಾನೆದಲ್ಲ. ರೇಡಿಯೋ ಕಾರ್ಖಾನೆದು. ಅಲ್ಲಿನ ಧಣಿಯ ಮಗನಿಗೆ ಸಂಗೀತದ ಹುಚ್ಚು ಹಿಡಿದು, ರೇಡಿಯೋದ ಮರದ ಪೆಟ್ಟಿಗೆ ಮಾಡೋರ ಕೈಲೇ ಕೆಲವು ದಿನ ಇವನ್ನ ಮಾಡಿಸಿದ. ಅಪ್ಪ ಬಂದು ಬೈದು ನಿಲ್ಲಿಸಿದ."

ವೈಂಡಿಂಗಕ್ಕನ ಕೈ ತಲೆಯ ಭಾಗಕ್ಕೆ ಹೋಗಿತ್ತು. ತಂತಿ ಬಿಗಿಯುವ ಬಿರಡೆಗಳ ನಡುವೆ ಕೂತಿದ್ದ ಕೊಳೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ತಗಡಿನ ಒಂದು ಚಿಕ್ಕ ಹಕ್ಕಿ ಕಾಣಿಸಿತು, ತಂತಿಯ ಮೇಲೆ ಕೂತದ್ದು, ಬಾಲ ಎತ್ತಿದ್ದು. ಈ ಹಕ್ಕಿಯನ್ನು ಅವಳು ಬಲ್ಲಳು. ಅಮ್ಮನ ನೀಲಿ ಏಪ್ರನ್ನಿನ ಜೇಬಿನ ಮೇಲೆ ಕೆಂಪು ದಾರದಲ್ಲಿ ಕಸೂತಿ ಮಾಡಿದ್ದ ಹಕ್ಕಿ. ಅಮ್ಮ ಎತ್ತಿಕೊಂಡಾಗಲೆಲ್ಲ ಕೆನ್ನೆಗೆ ಒತ್ತುತ್ತಿದ್ದ ಹಕ್ಕಿ.

"ನಮ್ಮಮ್ಮ ಇಲ್ಲೇ ಕೆಲಸಕ್ಕಿದ್ದಳು," ಎಂದಳು. "ಸುರುಳಿ ಸುತ್ತೋ ಕೋಣೆಯಲ್ಲಿ."

ನಾದಿನಿ ಬಗ್ಗಿ ಆ ಹಕ್ಕಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು.

ಮುಂದಿನ ಕೆಲಸಕ್ಕೆ ಯಾರೂ ಅಪ್ಪಣೆ ಕೇಳಲಿಲ್ಲ. ವೈಂಡಿಂಗಕ್ಕ ಮೋಟರನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು, ಮೇಜಿನ ಮೇಲೆ ಶುದ್ಧ ಬಟ್ಟೆ ಹಾಸಿದಳು, ಕೈಯನ್ನು ಎರಡೆರಡು ಸಲ ಸೋಪು ಹಾಕಿ ತೊಳೆದು ಬಂದಳು. ತಂತಿಗಳನ್ನು ಸಡಿಲಿಸಿ, ಡಬ್ಬಿಯ ತಿರುಪು ಬಿಚ್ಚಿ, ಬೆಸುಗೆ ಬಿಡಿಸಿ ಅದನ್ನು ಹೊರತೆಗೆದಾಗ ಒಳಗೆಲ್ಲ ಮೇಣ. ಮೇಣವನ್ನು ಮೆಲ್ಲಗೆ ಕಾಯಿಸಿ ಬಸಿದರೆ ಸುರುಳಿ ಕಾಣಿಸಿತು: ತಾಮ್ರದ ಬಣ್ಣ ಮಾಸದೆ, ಜೇನಿನಂತೆ ಹೊಳೆಯುತ್ತಿತ್ತು. ಅದರ ಕೊನೆಯನ್ನು ಕಟ್ಟಿದ್ದ ದಾರ ಹಳದಿ.

"ಅಯ್ಯೋ," ಎಂದಳು ವೈಂಡಿಂಗಕ್ಕ. ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು. "ಇದು ಅಮ್ಮನೇ ಸುತ್ತಿದ್ದು."

ಸುರುಳಿ ಕೋಣೆಯ ಹೆಂಗಸರಿಗೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ದಾರ. ಕೆಟ್ಟರೆ ಯಾರ ಕೈಯದು ಎಂದು ಮೇಸ್ತ್ರಿಗೆ ತಿಳಿಯಬೇಕಲ್ಲ. ಅಮ್ಮನದು ಹಳದಿ. ಮನೆಯಲ್ಲಿ ಗುಂಡಿ ಹೊಲಿಯುವುದಕ್ಕೂ ಅದೇ ದಾರ ಬರುತ್ತಿತ್ತು; ಇವಳ ಶಾಲೆಯ ಬಿಳಿ ಅಂಗಿಯ ಗುಂಡಿಗಳೆಲ್ಲ ಹಳದಿ ದಾರದಲ್ಲಿ ನಿಂತಿದ್ದವು.

ಮೀಟರು ಹಚ್ಚಿದಳು. ಮುಳ್ಳು ಮಿಸುಕಲಿಲ್ಲ. ಹೊರಗಿನ ತುದಿಯಲ್ಲಿ ತುಂಡಾಗಿರಲಿ ಎಂದು ಭೂತಗನ್ನಡಿ ಹಿಡಿದು ಹುಡುಕಿದಳು. ಹೊರಗೆ ಎಲ್ಲವೂ ಚೆನ್ನಾಗಿತ್ತು. ಹಾಗಾದರೆ ತುಂಡಾದದ್ದು ಒಳಗೆ, ಅಯಸ್ಕಾಂತಕ್ಕೆ ಅಂಟಿದ ಮೊದಲ ಸುತ್ತುಗಳಲ್ಲಿ. ಅಲ್ಲಿಗೆ ಹೋಗಬೇಕಾದರೆ ಮೇಲಿನದನ್ನೆಲ್ಲ ಬಿಚ್ಚಬೇಕು. ಬಿಚ್ಚಿದ ತಂತಿ ಮತ್ತೆ ಬಳಕೆಗೆ ಬರುವುದಿಲ್ಲ. ಅದರ ಮೇಲೆ ಕರೆಂಟು ತಡೆಯುವ ಅರಗಿನ ಲೇಪ ಉದುರಿಹೋಗುತ್ತದೆ.

"ಬಿಚ್ಚದೇನೇ ಆಗಲ್ವಾ ಅಕ್ಕ?" ಗಿಟಾರಿನವಳು ಕೇಳಿದಳು.

ನಾದಿನಿ ಅತ್ತಿಗೆಯ ತೋಳು ಹಿಡಿದು ಹಿಂದಕ್ಕೆಳೆದಳು. "ಅತ್ತಿಗೆ, ನಿಮ್ಮಮ್ಮನ ಕೈ ಇದು. ಬಿಚ್ಚಿದ್ರೆ ಹೋಯ್ತು. ಆಮೇಲೆ ನೀನು ಮೂರು ದಿನ ಊಟ ಬಿಡ್ತೀಯ, ನಿನ್ನ ಮುಖ ನೋಡಿಕೊಂಡು ನಾವೂ ಬಿಡಬೇಕು. ಆಗಲ್ಲ ಅಂತ ಹೇಳಿ ಕಳಿಸು."

ವೈಂಡಿಂಗಕ್ಕ ಆ ಪುಟ್ಟ ಸುರುಳಿಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಳು. ತೂಕವೇ ಇಲ್ಲ. ಅಮ್ಮ ಹೋದ ಮೇಲೆ ಅವಳ ಸೀರೆಗಳು ಹಂಚಿಹೋದವು, ಪಾತ್ರೆಗಳು ಬೇರೆಯವರ ಪಾತ್ರೆಗಳ ಜೊತೆ ಸೇರಿಹೋದವು. ಅಮ್ಮ ದಿನವಿಡೀ ಮಾಡುತ್ತಿದ್ದ ಕೆಲಸ ಮಾತ್ರ ಯಾರ ಯಾರ ಮನೆಯ ರೇಡಿಯೋದೊಳಗೋ ಹೊಕ್ಕು ಗುಜರಿಗೆ ಹೋಗಿತ್ತು. ಇಂದು ಅದು ತಾನಾಗಿ ನಡೆದುಕೊಂಡು ಬಂದು ಮೇಜಿನ ಮೇಲೆ ಕೂತಿದೆ, ಬಾಯಿ ಕಟ್ಟಿಹೋಗಿ. ಮುಟ್ಟದಿದ್ದರೆ ಅಮ್ಮನ ಕೈ ಉಳಿಯುತ್ತದೆ, ದನಿ ಹೋಗುತ್ತದೆ. ಬಿಚ್ಚಿ ಮತ್ತೆ ಇದ್ದಂತೆಯೇ ಸುತ್ತಲಾಗದಿದ್ದರೆ ಎರಡೂ ಹೋಗುತ್ತವೆ.

"ಮೂಕವಾಗಿ ಇಟ್ಟುಕೊಂಡು ಏನು ಮಾಡೋದು," ಎಂದಳು ಕೊನೆಗೆ. "ಬಿಚ್ತೀನಿ. ಅವಳು ಹೇಗೆ ಹೇಗೆ ಸುತ್ತಿದಾಳೋ ನೋಡಿಕೊಂಡೇ ಬಿಚ್ತೀನಿ. ನೀನು ಹಲಗೆ, ಸೀಮೆಸುಣ್ಣ ಹಿಡಿದು ಇಲ್ಲಿ ಕೂತ್ಕೋ. ನಾನು ಹೇಳಿದಾಗ ಯಂತ್ರದ ಎಣಿಕೆ ಮುಳ್ಳು ನೋಡಿ ಬರಿ. ಬಾಯಿಗೆ ಬೀಗ."

"ಬೀಗದ ಕೈ ನಿನ್ನ ಹತ್ತಿರಾನೇ ಇಟ್ಕೋ," ಎಂದು ಗೊಣಗುತ್ತ ನಾದಿನಿ ಕೂತಳು.

ಹಿಡಿಕೆ ತಿರುಗಿಸುವ ಹಳೆಯ ಯಂತ್ರಕ್ಕೆ ಸುರುಳಿಯನ್ನು ಸಿಕ್ಕಿಸಿ, ತುದಿಯನ್ನು ಇನ್ನೊಂದು ಗಾಲಿಗೆ ಕಟ್ಟಿ ಮೆಲ್ಲಗೆ ಎಳೆಯತೊಡಗಿದಳು. ಗಿಟಾರಿನವಳು ತಂತಿಯ ಖಾಲಿ ಡ್ರಮ್ಮೊಂದರ ಮೇಲೆ ಕೂತು ನೋಡುತ್ತಿದ್ದಳು. ಪದರ ಪದರವಾಗಿ ತಂತಿ ಬಿಚ್ಚಿಕೊಳ್ಳುತ್ತ ಹೋದಂತೆ ವೈಂಡಿಂಗಕ್ಕನಿಗೆ ಮೈಯೆಲ್ಲ ಬೆಚ್ಚಗಾಗತೊಡಗಿತು. ಅಮ್ಮ ನೂಲು ಹಿಡಿದಂತೆ ಸಾಲಾಗಿ ಸುತ್ತಿರಲಿಲ್ಲ. ತಂತಿ ಒಂದು ಕಡೆ ಓಡುತ್ತಿತ್ತು, ಒಂದು ಕಡೆ ತಂಗುತ್ತಿತ್ತು, ಇದ್ದಕ್ಕಿದ್ದಂತೆ ಅಡ್ಡ ಹಾಯ್ದು ಆಚೆ ತುದಿಗೆ ಹಾರುತ್ತಿತ್ತು. ಮನೆಯಲ್ಲಿ ಇವಳಿಗೆ ಕಲಿಸುವಾಗ ಒಂದು ಸುತ್ತು ಇನ್ನೊಂದರ ಮೇಲೆ ಏರಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದವಳು ಇದೇ ಅಮ್ಮನೇ? ಕುಣಿದಾಡಿದ್ದಾಳಲ್ಲ ಇಲ್ಲಿ.

ಆಗ ಯಂತ್ರ ತಡೆದು ನಿಂತಿತು. ತಂತಿ ಸಡಿಲಾಗಿ, ಒಂದು ಚಿಕ್ಕ ಕುಣಿಕೆಯಾಗಿ ಹಿಂದಕ್ಕೆ ಮಡಚಿಕೊಂಡಿತು. ಭೂತಗನ್ನಡಿ ಹಿಡಿದು ನೋಡಿದಳು. ತುಂಡಾಗಿಲ್ಲ. ಎಳೆದಳು, ಬರಲಿಲ್ಲ. ಸುರುಳಿಯನ್ನು ಬೆರಳಿನಿಂದ ಆಚೆ ದಿಕ್ಕಿಗೆ ಅಲುಗಿಸಿದಳು. ತಂತಿ ಸರಾಗವಾಗಿ ಬಂತು.

"ಬರಿ," ಎಂದಳು. "ಇಲ್ಲಿಂದ ದಿಕ್ಕು ತಿರುಗಿದೆ."

"ತಿರುಗಿದೆ ಅಂದ್ರೆ?"

"ಉಲ್ಟಾ ಸುತ್ತಿದಾರೆ."

ಒಂದಷ್ಟು ದೂರ ಉಲ್ಟಾ ಸಾಗಿ ತಂತಿ ಮತ್ತೆ ಮಡಚಿಕೊಂಡಿತು. ಅಲ್ಲಿಂದ ಕೆಳಗೆ ಕೊನೆಯವರೆಗೂ ಮೊದಲಿನ ದಿಕ್ಕು. ತಳದಲ್ಲಿ, ಹಸಿರು ಕಿಲುಬು ಹಿಡಿದು ತುಂಡಾದ ಜಾಗವೂ ಸಿಕ್ಕಿತು. ಆದರೆ ವೈಂಡಿಂಗಕ್ಕನ ಕಣ್ಣು ಅತ್ತ ಹೋಗಲೇ ಇಲ್ಲ. ಅವಳು ಹಲಗೆಯ ಮೇಲಿನ ಗುರುತುಗಳನ್ನೇ ನೋಡುತ್ತ ಕೂತಳು. ಒಂದು ದಿಕ್ಕಿನ ಸುತ್ತು ಹೇಳಿದ್ದನ್ನು ಇನ್ನೊಂದು ದಿಕ್ಕಿನ ಸುತ್ತು ಅಳಿಸುತ್ತದೆ. ಕೆಲಸ ಕಲಿಯಲು ಬಂದವರಿಗೆ ಮೊದಲ ದಿನ ಹೇಳಿಕೊಡುವ ಪಾಠ. ಅಮ್ಮ ಈ ತಪ್ಪು ಮಾಡುವವಳಲ್ಲ. ಆದರೆ ದಾರ ಅಮ್ಮನದು.

"ದಿಕ್ಕು ತಪ್ಪೋ ಕೈ ಆ ಕೋಣೆಯಲ್ಲಿ ಒಂದೇ ಇತ್ತು," ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನಾದಿನಿಗೆ ಗಟ್ಟಿಯಾಗಿ, "ಏಳು, ಸ್ಕೂಟರ್ ತೆಗಿ. ಎಡಚಿ ಚಿಕ್ಕಮ್ಮನ್ನ ಕರ್ಕೊಂಡು ಬಾ. ಮಲಗಿದ್ರೂ ಎಬ್ಬಿಸು."

ಎಡಚಿ ಚಿಕ್ಕಮ್ಮ ಸ್ವಂತ ಚಿಕ್ಕಮ್ಮನಲ್ಲ. ಸುರುಳಿ ಕೋಣೆಯಲ್ಲಿ ಅಮ್ಮನ ಪಕ್ಕದ ಮೇಜಿನವಳು, ಎಡಗೈಯವಳು. ಎರಡು ಬೀದಿ ಆಚೆ ಮಗಳ ಮನೆಯಲ್ಲಿದ್ದಳು. ಕಣ್ಣು ಮಂಜಾಗಿತ್ತು, ಬಾಯಿಗೆ ಇನ್ನೂ ವಯಸ್ಸಾಗಿರಲಿಲ್ಲ. ಸ್ಕೂಟರಿನ ಸದ್ದಿಗಿಂತ ಮೊದಲು ಅವಳ ದನಿ ಅಂಗಡಿ ಮುಟ್ಟಿತು.

"ಮೆಲ್ಲಗೆ ಹೋಗು ಅಂದ್ರೆ ಹಾರಿಸ್ಕೊಂಡು ಬಂದಳು ಇವಳು. ನನ್ನ ಸೊಂಟ ಹಿಂದಿನ ತಿರುವಿನಲ್ಲೇ ಉಳಿದಿದೆ, ಯಾರಾದ್ರೂ ಹೋಗಿ ತಗೊಂಡು ಬನ್ನಿ."

"ನೀನೇ ತಾನೇ ಆ ಬಸ್ಸನ್ನ ಹಿಂದೆ ಹಾಕು ಅಂದಿದ್ದು?" ಎಂದಳು ನಾದಿನಿ.

ವೈಂಡಿಂಗಕ್ಕ ಮುದುಕಿಯನ್ನು ಯಂತ್ರದ ಪಕ್ಕ ಕೂರಿಸಿ ಎಲ್ಲವನ್ನೂ ಹೇಳಿದಳು: ಹಕ್ಕಿ, ಹಳದಿ ದಾರ, ನಡುವೆ ತಿರುಗಿದ ದಿಕ್ಕು. ಎಡಚಿ ಚಿಕ್ಕಮ್ಮ ತಂತಿಯೆಲ್ಲ ಬಿಚ್ಚಿ ಬೋಳಾದ ಬಾಬಿನನ್ನು ಬೆರಳುಗಳಲ್ಲಿ ಆಡಿಸುತ್ತ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಹೊಟ್ಟೆ ಕುಲುಕತೊಡಗಿತು; ಆಮೇಲೆ ನಗು ಹೊರಗೆ ಬಂತು.

"ನೀನು ಕಣೆ. ಇದು ನೀನು ಮಾಡಿದ ಕೆಲಸ."

"ನಾನಾ?"

"ಇನ್ಯಾರು? ಗೋಡೆ ಆಚೆ ತೊಟ್ಟಿಲು ಕಟ್ಟಿದ್ವಿ. ನೀನು ಹೊಟ್ಟೆಬಾಕಿ, ಕೂಗಿದೆ ಅಂದ್ರೆ ಮೇಸ್ತ್ರಿ ಕಿವಿವರೆಗೆ ಹೋಗೋದು. ನಿಮ್ಮಮ್ಮ ಹಾಲು ಕೊಡೋಕೆ ಎದ್ದಳು ಅಂದ್ರೆ ಅವಳ ಮೇಜು ಖಾಲಿ ಕಾಣಬಾರದಲ್ಲ, ನಾನು ಅಲ್ಲಿ ಕೂತ್ಕೊಳ್ಳೋದು. ಹಿಡಿಕೆ ಬಲಗಡೆ. ನನಗೆ ಬಲಗೈಲಿ ಅನ್ನ ಕಲಸೋಕೂ ಬರಲ್ಲ. ಯಂತ್ರಾನೇ ಎತ್ತಿ ಹಿಂದು ಮುಂದಾಗಿ ತಿರುಗಿಸಿಟ್ಟುಕೊಂಡು ಸುತ್ತುತಿದ್ದೆ. ಅವಳು ಬಂದು ಮತ್ತೆ ಸರಿಯಾಗಿ ತಿರುಗಿಸಿಟ್ಟುಕೊಂಡು ಮುಂದುವರಿಸೋಳು."

"ಯಂತ್ರ ತಿರುಗಿಸಿದ್ರೆ ದಿಕ್ಕೂ ತಿರುಗುತ್ತೆ ಅಂತ ಇಬ್ಬರಿಗೂ ಹೊಳೀಲಿಲ್ವಾ?"

"ನನ್ನ ಮೇಜಿನಲ್ಲಿ ಮೊದಲಿಂದ ಕೊನೆವರೆಗೆ ನಾನೇ ಸುತ್ತುತಿದ್ದೆ, ಅಲ್ಲಿ ತೊಂದರೆ ಇರಲಿಲ್ಲ. ಎರಡು ಕೈ ಬೆರೆತಾಗ ತಾನೇ ಗಲಾಟೆ. ಮೇಸ್ತ್ರಿ ಮೀಟರು ಹಚ್ಚಿ ನೋಡೋನು. ಮೀಟರಿಗೆ ತಂತಿ ಎಷ್ಟುದ್ದ ಅಂತ ಗೊತ್ತಾಗುತ್ತೆ, ಯಾವ ಕಡೆ ಮುಖ ಮಾಡಿದೆ ಅಂತ ಗೊತ್ತಾಗುತ್ತಾ? ರೇಡಿಯೋ ಆಗಿದ್ರೆ ಸಂಜೆಯೊಳಗೆ ಸಿಕ್ಕಿಬೀಳ್ತಿದ್ವಿ. ಗಿಟಾರು ಹೇಗೆ ಕೇಳಿಸಬೇಕು ಅಂತ ಆ ಕಾರ್ಖಾನೆಯಲ್ಲಿ ಯಾವ ದೊಡ್ಡ ಮನುಷ್ಯನಿಗೆ ಗೊತ್ತಿತ್ತು?" ಮುದುಕಿ ಕಣ್ಣೊರೆಸಿಕೊಂಡಳು. "ಇಷ್ಟು ವರ್ಷ ಆದ ಮೇಲೆ ಸಿಕ್ಕಿಬಿದ್ವಿ ನೋಡು. ಆಯ್ತು, ಈಗ ನೀನು ಸರಿಯಾಗಿ ಒಂದೇ ದಿಕ್ಕಿಗೆ ಸುತ್ತಿಬಿಡು. ನಮ್ಮಿಬ್ಬರ ಮಾನ ಉಳಿಸು."

"ಸರಿಯಾಗಿ ಸುತ್ತಿದ್ರೆ ಏನಾಗುತ್ತೆ ಅಕ್ಕ?" ಗಿಟಾರಿನವಳು ಡ್ರಮ್ಮಿನಿಂದ ಎದ್ದು ನಿಂತಿದ್ದಳು.

"ಜೋರಾಗುತ್ತೆ. ದಪ್ಪಗಾಗುತ್ತೆ. ನೀವು ಹೇಳಿದ್ರಲ್ಲ ಆ ಇನ್ನೆರಡು, ಅವುಗಳ ಹಾಗೆ."

"ಹಾಗಾದ್ರೆ ನನ್ನ ಗಿಟಾರು ಮಾತಾಡ್ತಿದ್ದದ್ದು ಈ ತಪ್ಪಿಂದಾನೇ ಅಲ್ವಾ?"

ವೈಂಡಿಂಗಕ್ಕನ ಕೈ ತುರಿಸುತ್ತಿತ್ತು. ತಪ್ಪು ಕಂಡ ಮೇಲೆ ತಿದ್ದದೆ ಬಿಟ್ಟವಳಲ್ಲ ಅವಳು. ಸೊಸೆಯಾಗಿ ಬಂದ ಮನೆಯಲ್ಲಿ, ಗಂಡನ ಲೆಕ್ಕದಲ್ಲಿ, ಮಕ್ಕಳ ಹೋಂವರ್ಕಿನಲ್ಲಿ, ಬೇರೆಯವರು ಸುತ್ತಿ ಕೆಡಿಸಿದ ಮೋಟರುಗಳಲ್ಲಿ, ಇಷ್ಟು ಕಾಲ ಅವಳು ಮಾಡಿದ್ದೆಲ್ಲ ತಿದ್ದುವುದೇ. ತನ್ನ ಅಂಗಡಿಯಿಂದ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಸುರುಳಿ ಹೊರಗೆ ಹೋಗುವುದೆಂದರೆ ಬೆತ್ತಲಾಗಿ ಬೀದಿಗೆ ಹೋದಂತೆ. ಆದರೆ ಆ ತಪ್ಪಿನೊಳಗೆ ಅಮ್ಮ ಎದ್ದು ಹೋಗಿದ್ದಳು. ತನ್ನ ಅಳು ಕೇಳಿ, ಸೆರಗು ಸರಿಪಡಿಸಿಕೊಳ್ಳುತ್ತ, ಗೋಡೆಯ ಆಚೆಗೆ. ಎಲ್ಲಿ ಎದ್ದಳು, ಎಲ್ಲಿ ವಾಪಸು ಬಂದು ಕೂತಳು ಎನ್ನುವುದು ಸೀಮೆಸುಣ್ಣದಲ್ಲಿ ಹಲಗೆಯ ಮೇಲಿತ್ತು. ತಿದ್ದಿದರೆ ಅಷ್ಟೂ ಅಳಿಸಿಹೋಗುತ್ತದೆ.

ಅವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಏನು ಮಾಡಬೇಕೆಂದು ಇಷ್ಟು ಸಲೀಸಾಗಿ ತಿಳಿದದ್ದು ಅವಳಿಗೆ ಯಾವತ್ತೂ ಇಲ್ಲ.

"ಚಿಕ್ಕಮ್ಮ, ತಪ್ಪಿರೋ ಹಾಗೇ ಸುತ್ತೋಣ. ಅಮ್ಮನದು ನಾನು ಸುತ್ತುತೀನಿ. ನಿನ್ನ ಪಾಲು ನೀನೇ ಸುತ್ತು."

"ಹುಚ್ಚು ಹಿಡೀತಾ ನಿನಗೆ? ನನಗೆ ನನ್ನ ಕೈಯೇ ಕಾಣಲ್ಲ."

"ಆಗ ಮಾತ್ರ ನೋಡಿಕೊಂಡು ಸುತ್ತುತಿದ್ಯಾ? ಕಣ್ಣೆಲ್ಲ ಬಾಗಿಲ ಕಡೆ ಇರ್ತಿತ್ತು, ಮೇಸ್ತ್ರಿ ಬಂದಾನು ಅಂತ."

ಮುದುಕಿ ಎಡಗೈಯನ್ನು ಸೀರೆಗೆ ಒರೆಸಿಕೊಂಡಳು.

ಅಷ್ಟೇ ಸಣ್ಣ ಹೊಸ ತಂತಿ, ಗಾಲಿ, ಬೆರಳುಗಳ ನಡುವೆ ಹಿಡಿಯಲು ಉಣ್ಣೆಬಟ್ಟೆಯ ಚೂರು, ಎಲ್ಲ ಸಿದ್ಧವಾಯಿತು. ವೈಂಡಿಂಗಕ್ಕ ಹಿಡಿಕೆ ತಿರುಗಿಸತೊಡಗಿದಳು. ಕೆಲವೇ ಸುತ್ತು ಆಗುವಷ್ಟರಲ್ಲಿ ಎಡಚಿ ಚಿಕ್ಕಮ್ಮ ಮುಂಗೈ ಹಿಡಿದು ನಿಲ್ಲಿಸಿದಳು. ಯಂತ್ರದ ಸದ್ದು ಕೇಳಿಯೇ ತಿಳಿದಿತ್ತು ಅವಳಿಗೆ.

"ಇದೇನು, ಮಗ್ಗಿ ಒಪ್ಪಿಸ್ತಾ ಇದೀಯಾ? ಸಾಲಾಗಿ ಸಾಲಾಗಿ. ನಿಮ್ಮಮ್ಮ ಹೀಗೆ ಸುತ್ತುತಿರಲಿಲ್ಲ."

"ಗೊತ್ತು. ಓಡ್ತಾ ಇತ್ತು, ನಿಲ್ತಾ ಇತ್ತು. ನನಗೆ ಅದು ಬರ್ತಾ ಇಲ್ಲ ಚಿಕ್ಕಮ್ಮ. ಬೇಕಂತ ಮಾಡಿದ್ರೆ ಬರಲ್ಲ ಅದು."

"ಹೆಂಗೆ ಬರುತ್ತೆ? ಬಾಯಿ ಮುಚ್ಚಿಕೊಂಡು ಕೂತಿದೀಯ. ನಿಮ್ಮಮ್ಮ ಮಾತಾಡದೆ ಒಂದು ಸುತ್ತು ಹಾಕಿದವಳಲ್ಲ. ಕಥೆ ಓಡಿದ್ರೆ ತಂತಿ ಓಡೋದು, ನಗು ಬಂದ್ರೆ ಆಚೆ ತುದಿಗೆ ಹಾರೋದು. ಮಾತಾಡು."

"ಅಮ್ಮನಾ?" ವೈಂಡಿಂಗಕ್ಕ ತಿರುಗಿ ನೋಡಿದಳು. "ಮನೆಯಲ್ಲಿ ಅವಳ ಬಾಯಿಂದ ನಾಲ್ಕು ಮಾತು ಬಂದ್ರೆ ಹೆಚ್ಚು."

"ಮನೆಗೆ ಬರೋ ಹೊತ್ತಿಗೆ ಮಾತೆಲ್ಲ ಖರ್ಚಾಗಿರ್ತಿತ್ತು, ಪಾಪ. ಎಲ್ಲಾ ನಿನ್ನ ಮೇಲಿನ ಮಾತೇ. ನೀನು ಮಗುಚಿದೆ, ನೀನು ಹೊಸಿಲು ದಾಟಿದೆ, ನೀನು ಅವಳ ಮೂಗು ಕಚ್ಚಿದೆ. ನಮಗೆಲ್ಲ ಕೇಳಿ ಕೇಳಿ ಕಿವಿ ತೂತಾಗಿತ್ತು. ಹೂಂ, ತಿರುಗಿಸು. ಮಾತಾಡು."

ಅಮ್ಮನ ಆ ಮೌನವನ್ನು ವೈಂಡಿಂಗಕ್ಕ ಇಷ್ಟು ವರ್ಷ ತನ್ನ ಮೇಲಿನ ಅಸಮಾಧಾನವೆಂದೇ ತಿಳಿದಿದ್ದಳು. ಅದನ್ನು ತೀರಿಸಲೆಂದೇ ಸುತ್ತಿನ ಪಕ್ಕ ಸುತ್ತು ಕೂರಿಸುವುದನ್ನು ಕಲಿತಿದ್ದಳು. ಹೇಳಬೇಕೆಂದುಕೊಂಡಿರಲಿಲ್ಲ, ಮಾತು ತಾನಾಗಿ ಬಂತು: "ನನ್ನ ಕಂಡ್ರೆ ಅವಳಿಗೆ ಆಗಲ್ಲ ಅಂದ್ಕೊಂಡಿದ್ದೆ." ಹಾಗೆಂದು ಹಿಡಿಕೆ ತಿರುಗಿಸಿದಳು. ತಂತಿ ತುಸು ತಂಗಿತು, ಆಮೇಲೆ ಓಡಿತು. ಮೊದಲ ಸಲ ಗೆಣ್ಣಿಗೆ ಏಟು ತಿಂದದ್ದನ್ನು ಹೇಳಿದಳು. ಬಿಳಿ ಅಂಗಿಯ ಹಳದಿ ದಾರದ ಗುಂಡಿಗಳನ್ನು ನೋಡಿ ಶಾಲೆಯಲ್ಲಿ ಹುಡುಗಿಯರು ಮೊಟ್ಟೆ ಎಂದು ಕರೆದದ್ದನ್ನು ಹೇಳಿದಳು. ನಾದಿನಿ ಬಿದ್ದು ಬಿದ್ದು ನಕ್ಕಳು. ನಕ್ಕದ್ದಕ್ಕೆ ವೈಂಡಿಂಗಕ್ಕ ಅವಳನ್ನು ಬೈದಳು. ಬೈಯುವಾಗ ತಂತಿ ಆಚೆ ತುದಿಗೆ ಹಾರಿತು.

"ಈಗ ಬಂತು ನೋಡು," ಎಂದಳು ಎಡಚಿ ಚಿಕ್ಕಮ್ಮ. "ಈಗ ಅವಳದೇ ಸದ್ದು."

ನಾದಿನಿ ಹಲಗೆ ನೋಡಿ "ನಿಲ್ಲು" ಎಂದಾಗ ವೈಂಡಿಂಗಕ್ಕ ಎದ್ದು ಯಂತ್ರವನ್ನು ಹಿಂದು ಮುಂದಾಗಿ ತಿರುಗಿಸಿಟ್ಟಳು. ಮುದುಕಿಯ ಎಡಗೈ ಹಿಡಿಕೆಯನ್ನು ಹುಡುಕಿ ಹಿಡಿಯಿತು. ಬಲಗೈ ಬೆರಳುಗಳು ಗಾಳಿಯಲ್ಲಿ ತಡಕಾಡಿ ತಂತಿಯನ್ನು ಮುಟ್ಟಿದ ಕೂಡಲೇ ನೆಲೆ ನಿಂತವು. ತಿರುಗಿಸಿದಳು. ಒಮ್ಮೆ ತಂತಿ ಜೋತುಬಿತ್ತು. ಗಿಟಾರಿನವಳು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಇನ್ನೊಂದು ಕೂದಲೆಳೆಯಷ್ಟು ಎಳೆದರೆ ತುಂಡು. ವೈಂಡಿಂಗಕ್ಕ ಕೈ ಚಾಚಲಿಲ್ಲ, ತಡೆದುಕೊಂಡಳು. ಮುದುಕಿ ಬೆರಳನ್ನು ಮಾತ್ರ ಹಿಂದಕ್ಕೆ ಸರಿಸಿ ಜೋಲನ್ನು ಮೆಲ್ಲಗೆ ನುಂಗಿಸಿಬಿಟ್ಟಳು, ಮಾತು ನಿಲ್ಲಿಸದೆ. ಮೇಸ್ತ್ರಿಯ ವಿಗ್ಗು ಫ್ಯಾನಿನ ಗಾಳಿಗೆ ಹಾರಿ ಮೇಣದ ಬಾಣಲೆಗೆ ಬಿದ್ದ ಕಥೆ ನಡೆಯುತ್ತಿತ್ತು. ಅದು ಮುಗಿಯುವ ಮೊದಲೇ ಅವಳ ಪಾಲು ಮುಗಿಯಿತು. "ಇಷ್ಟೇನಾ?" ಎಂದು ಕೇಳಿದಳು. "ನಿನ್ನ ಹೊಟ್ಟೆ ಬೇಗ ತುಂಬಿಬಿಟ್ಟಿತ್ತು ಅವತ್ತು."

ಉಳಿದದ್ದನ್ನು ವೈಂಡಿಂಗಕ್ಕ ಸುತ್ತಿದಳು. ಏನು ಮಾತಾಡಿದಳೆಂದು ಆಮೇಲೆ ಅವಳಿಗೇ ನೆನಪಿರಲಿಲ್ಲ. ಮೀಟರಿನ ಮುಳ್ಳು ಎದ್ದು ನಿಂತಿತು. ಮೇಣ ಕಾಯಿಸಿ ಅದ್ದಿ ತೆಗೆದು, ಡಬ್ಬಿಯೊಳಗೆ ಕೂರಿಸಿ, ಬೆಸುಗೆ ಹಾಕಿ, ತಿರುಪು ಬಿಗಿದು, ತಂತಿ ಏರಿಸುವಾಗ ಹೊರಗೆ ಸಂಜೆಯ ಬಿಸಿಲು ಎದುರು ಗೋಡೆಗೆ ಹತ್ತಿತ್ತು. ಗಿಟಾರಿನವಳು ಓಡಿಹೋಗಿ ತನ್ನ ಕಾರಿನಿಂದ ಸ್ಪೀಕರು ಪೆಟ್ಟಿಗೆ ತಂದಳು. ವಯರು ಸಿಕ್ಕಿಸಿದಳು.

ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡಳು. ಬಿರಡೆಗಳನ್ನು ತಿರುಗಿಸುತ್ತ ತಿರುಗಿಸುತ್ತ ಶ್ರುತಿ ಮಾಡಿಕೊಂಡಳು. ಸ್ಪೀಕರಿನ ಸ್ವಿಚ್ಚು ಇನ್ನೂ ಹಾಕಿರಲಿಲ್ಲ. ಆಮೇಲೆ ಗುಂಡಿ ಒತ್ತಿದಳು. ಎಲ್ಲಕ್ಕಿಂತ ದಪ್ಪ ತಂತಿಯ ಮೇಲೆ ಬೆರಳಿಟ್ಟಳು. ಇಟ್ಟವಳು ಹಾಗೇ ನಿಂತಳು.

"ಮೀಟಮ್ಮ," ಎಂದಳು ವೈಂಡಿಂಗಕ್ಕ. "ನನ್ನ ಕೈಲಿ ತಡೆಯೋಕಾಗಲ್ಲ."

ಮೀಟಿದಳು.

ಅದು ಗುಡುಗಲಿಲ್ಲ. ಪಕ್ಕದ ಕೋಣೆಯಿಂದ ಯಾರೋ ದೊಡ್ಡವರು, ಅವಸರವಿಲ್ಲದೆ, ಒಂದು ಮಾತು ಹೇಳಿದಂತಿತ್ತು. ಕಪಾಟಿನ ಡಬ್ಬಿಗಳಲ್ಲಿದ್ದ ತಿರುಪುಗಳು ಸಣ್ಣಗೆ ಜುಮ್ಮೆಂದವು. ಗಿಟಾರಿನವಳ ಮುಖ ಹತ್ತಿಕೊಂಡ ದೀಪದ ಹಾಗಾಗಿತ್ತು. ಎರಡನೆಯ ತಂತಿ, ಮೂರನೆಯದು. ಆಮೇಲೆ ಅವಳ ಬೆರಳುಗಳು ನಡೆಯತೊಡಗಿದವು, ನಾಳೆಯ ಹಾಡಿನ ಮೊದಲ ಸಾಲು ಅಂಗಡಿಯ ತುಂಬ ತುಂಬಿಕೊಂಡಿತು. ನಾದಿನಿ ಬೀದಿಯಲ್ಲಿ ನಿಂತು ನೋಡುತ್ತಿದ್ದವರನ್ನು ಕೈಬೀಸಿ ಒಳಗೆ ಕರೆಯುತ್ತಿದ್ದಳು, ತಾನೇ ಸುತ್ತಿದವಳಂತೆ.

ಎಡಚಿ ಚಿಕ್ಕಮ್ಮ ಮಾತ್ರ ತಲೆ ಒಂದು ಪಕ್ಕಕ್ಕೆ ವಾಲಿಸಿ ಅಲುಗದೆ ಕೂತಿದ್ದಳು. ಸುರುಳಿ ಕೋಣೆಯವರು ಸುರುಳಿ ಸುತ್ತಿ ಟ್ರೇಯಲ್ಲಿಟ್ಟು ಕಳಿಸುತ್ತಿದ್ದರು. ಅದು ಎಲ್ಲಿಗೆ ಹೋಯಿತು, ಏನಾಯಿತು, ಯಾರೂ ಕರೆದು ಕೇಳಿಸಿದ್ದಿಲ್ಲ.

"ಇದಾ ನಾವು ಮಾಡಿದ್ದು?" ಎಂದಳು ಕೊನೆಗೆ. ಅವಳ ದನಿಯಲ್ಲಿ ಸ್ವಲ್ಪ ಸಿಟ್ಟೂ ಇತ್ತು. "ಇಷ್ಟು ಚೆನ್ನಾಗಿತ್ತಾ? ಒಬ್ಬ ಮುಂಡೇದೂ ಬಂದು ಹೇಳಲಿಲ್ವಲ್ಲ."

ವೈಂಡಿಂಗಕ್ಕ ಅವಳ ಎಡಗೈಯನ್ನು ಎತ್ತಿಕೊಂಡು, ನುಡಿಸುತ್ತಿದ್ದವಳ ಪಕ್ಕಕ್ಕೆ ಕರೆದೊಯ್ದು, ಗಿಟಾರಿನ ಟೊಳ್ಳು ರೆಕ್ಕೆಯ ಮೇಲೆ ಇಟ್ಟಳು. ಮರ ನಡುಗುತ್ತಿತ್ತು. ತನ್ನ ಅಂಗೈಯನ್ನೂ ಅದರ ಪಕ್ಕದಲ್ಲೇ ಇಟ್ಟಳು. ಗಿಟಾರಿನವಳು ನಿಲ್ಲಿಸಲಿಲ್ಲ, ಇಬ್ಬರಿಗೂ ಜಾಗ ಬಿಟ್ಟು ತುಸು ಓರೆಯಾಗಿ ನಿಂತು, ಮೊದಲಿನಿಂದ ಮತ್ತೆ ಶುರುಮಾಡಿದಳು.